ಎಲೆಯ ಕಷಾಯ, ಲೋಹದ ಜೋಡಿ, ಬಾವಿಯ ನೀರು

(ಜಲಮೂಲಗಳ ರಕ್ಷಣೆಯನ್ನು ಕುರಿತ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಡಿಕೆ ಸುಗ್ಗಿಯ ದಿನಗಳಲ್ಲಿ ಸುಲಿಯುವವರ ಬೆರಳುಗಳು ಕಪ್ಪಾಗುತ್ತವೆ. ಮೆಟ್ಟುಗತ್ತಿಯ ಅಲಗೂ ಕಪ್ಪಾಗುತ್ತದೆ. ಅಲಗಿನ ಆ ಕಪ್ಪು, ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಎಂಬ ವಸ್ತು ಕಬ್ಬಿಣದೊಡನೆ ಕೂಡಿಕೊಂಡದ್ದರ ಗುರುತು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಬರೆಯುವ ಮಸಿಯನ್ನು ತಯಾರಿಸುತ್ತಿದ್ದುದೂ ಇದೇ ರಸಾಯನದಿಂದ. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟ್ ಲವಣವಲ್ಲದೆ ಬೇರೆಯಲ್ಲ. ಕಾಯಿಯ ರಸವೂ ಲೋಹವೂ ಸಂಧಿಸಿದಾಗ ಏನೋ ಒಂದು ಬದಲಾವಣೆ ಆಗುತ್ತದೆಂಬುದನ್ನು ಮಲೆನಾಡು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಬಲ್ಲದು. ಇಂದಿನ ವಿಷಯದ ಬೇರು ಅಲ್ಲಿಯೇ ಇದೆ.

ಎಲೆ, ಕಾಯಿ, ತೊಗಟೆಗಳ ಕಷಾಯದಿಂದ ಎರಡು ಲೋಹಗಳ ಅತಿಸೂಕ್ಷ್ಮ ಕಣಗಳನ್ನು ಸಿದ್ಧಪಡಿಸಿ, ಅವುಗಳಿಂದ ಮಲಿನ ನೀರನ್ನು ಶುದ್ಧಗೊಳಿಸಬಹುದೆಂಬ ಭರವಸೆ ಇಂದು ವಿಜ್ಞಾನ ಪತ್ರಿಕೆಗಳಲ್ಲಿ ಎಡೆಬಿಡದೆ ಕಾಣಿಸಿಕೊಳ್ಳುತ್ತಿದೆ. ‘ಹಸಿರು ಸಂಶ್ಲೇಷಣೆ’ ಎಂದು ಇದಕ್ಕೆ ಹೆಸರು. ಹಸಿರು ಎಂಬ ಮಾತು ಎಲ್ಲಿ ಕೇಳಿಬಂದರೂ ಬೆಟ್ಟದ ಜನ ಕಿವಿಗೊಡುವುದು ಸಹಜ. ಆದರೆ ಆ ಹೆಸರಿನಲ್ಲಿ ನೆಡುತೋಪುಗಳು ಕಾಡನ್ನು ನುಂಗಿದ್ದನ್ನು ಕಂಡವರು ಎರಡನೆಯ ಸಲ ಯೋಚಿಸುವುದೂ ಅಷ್ಟೇ ಸಹಜ. ಈ ವಿದ್ಯೆಯಲ್ಲಿ ಸತ್ತ್ವವೆಷ್ಟು, ಸದ್ದೆಷ್ಟು ಎಂಬುದನ್ನು ತೂಗಿ ನೋಡುವುದು ಇಲ್ಲಿನ ಉದ್ದೇಶ.

ಪ್ರಶ್ನೆ ಕೇವಲ ಪುಸ್ತಕದ್ದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೆಲವು ಗ್ರಾಮಗಳೂ ಇದೇ ವಿಷದ ಮಳೆಯನ್ನು ಕಂಡವು. ಪಡ್ರೆಯಂಥ ಊರುಗಳಲ್ಲಿ ಹುಟ್ಟಿದ ಮಕ್ಕಳ ಅಂಗವೈಕಲ್ಯದ ಕಥೆ ಎಲ್ಲರಿಗೂ ತಿಳಿದದ್ದೇ. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸಿಂಪಡಣೆ ನಿಂತಿತು, ಆದರೆ ಉಳಿದ ದಾಸ್ತಾನಿನ ಪ್ರಶ್ನೆ ನಿಲ್ಲಲಿಲ್ಲ. ಮಿಂಚಿನಪದವಿನ ಹಾಳುಬಾವಿಯೊಂದರಲ್ಲಿ ಎಂಡೋಸಲ್ಫಾನನ್ನು ಹೂಳಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿನ ನೆಲ ಮುರಕಲ್ಲಿನದು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಬೇಸಿಗೆಯಲ್ಲಿ ಸುರಂಗಗಳ ಮೂಲಕ ಮನೆಯಂಗಳಕ್ಕೆ ಹರಿಯುವ ಸೀಮೆ ಅದು. ಗುಡ್ಡದ ನೆತ್ತಿಯಲ್ಲಿ ಹೂತದ್ದು ತಪ್ಪಲಿನ ಕೊಡಪಾನಕ್ಕೆ ಬಾರದೆಂದು ಯಾರು ತಾನೇ ಆಣೆಯಿಟ್ಟು ಹೇಳಬಲ್ಲರು? ಇಂಥ ನೆಲಕ್ಕೆ, ಇಂಥ ನೀರಿಗೆ ಹೊಸ ವಿದ್ಯೆಯಿಂದ ಏನಾದರೂ ಪ್ರಯೋಜನವುಂಟೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಮೊದಲು ಕಣದ ಮಾತು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಒಂದು ಸೆಂಟಿಮೀಟರ್ ಅಂಚಿನ ಕಬ್ಬಿಣದ ಘನಾಕಾರದ ತುಂಡೊಂದಕ್ಕೆ ಹೊರಮೈ ಇರುವುದು 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೋಮೀಟರ್ ಅಂಚಿನ ತುಣುಕುಗಳನ್ನಾಗಿ ಕತ್ತರಿಸಿದರೆ, ಕಬ್ಬಿಣದ ತೂಕ ಹೆಚ್ಚಾಗದಿದ್ದರೂ, ಒಟ್ಟು ಹೊರಮೈ 60 ಚದರ ಮೀಟರ್ ಆಗುತ್ತದೆ. ಅಂದರೆ ಒಂದು ಸಾಧಾರಣ ಮನೆಯ ಅಂಗಳದಷ್ಟು. ರಾಸಾಯನಿಕ ಕ್ರಿಯೆ ನಡೆಯುವುದು ಹೊರಮೈಯಲ್ಲಿ. ಆದುದರಿಂದ ಕಣ ಚಿಕ್ಕದಾದಷ್ಟೂ ಅದರ ಕೆಲಸ ಚುರುಕಾಗುತ್ತದೆ.

ಇನ್ನು ಜೋಡಿಯ ಮಾತು. ಕೀಟನಾಶಕಗಳಲ್ಲಿಯೂ ಕಾರ್ಖಾನೆಯ ದ್ರಾವಕಗಳಲ್ಲಿಯೂ ಹಠಮಾರಿಯಾದ ಭಾಗವೆಂದರೆ ಇಂಗಾಲಕ್ಕೆ ಅಂಟಿಕೊಂಡ ಕ್ಲೋರಿನ್. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ, ಲಿಂಡೇನಿನಲ್ಲಿಯೂ ಆರು. ಕಬ್ಬಿಣ ತುಕ್ಕು ಹಿಡಿಯುವಾಗ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಆ ಎಲೆಕ್ಟ್ರಾನುಗಳು ಕ್ಲೋರಿನ್ನಿನ ಬಂಧವನ್ನು ಸಡಿಲಿಸುತ್ತವೆ. ಈ ತತ್ತ್ವವನ್ನು ಆಧರಿಸಿ 1990ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಅಂತರ್ಜಲದ ಹಾದಿಗೆ ಅಡ್ಡಲಾಗಿ ಕಬ್ಬಿಣದ ಪುಡಿಯ ಗೋಡೆಗಳನ್ನು ಹೂಳಲಾಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ರಾಬರ್ಟ್ ಗಿಲ್‌ಹ್ಯಾಮ್ ಈ ದಾರಿಯ ಮೊದಲಿಗರು. ಆದರೆ ಕಬ್ಬಿಣ ಒಂಟಿಯಾಗಿ ದುಡಿಯುವಾಗ ನಿಧಾನ. ಕೆಲವೊಮ್ಮೆ ಕೆಲಸವನ್ನು ಅರ್ಧಕ್ಕೇ ಬಿಡುತ್ತದೆ. ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಒಡೆಯಲು ಹೊರಟು ನಡುದಾರಿಯಲ್ಲಿ ವಿನೈಲ್ ಕ್ಲೋರೈಡ್ ಉಳಿದರೆ, ಅದು ಮನುಷ್ಯರಲ್ಲಿ ಅರ್ಬುದ ತರುವುದೆಂದು ಖಚಿತವಾಗಿರುವ ವಸ್ತು.

ಇಲ್ಲಿಯೇ ಎರಡನೆಯ ಲೋಹ ನೆರವಿಗೆ ಬರುವುದು. ಕಬ್ಬಿಣದ ಕಣದ ಮೈಮೇಲೆ ಅತ್ಯಲ್ಪ ಪ್ರಮಾಣದ ಪೆಲ್ಲೇಡಿಯಂ ಲೇಪಿಸಿದರೆ, ಕಬ್ಬಿಣ ಎಲೆಕ್ಟ್ರಾನುಗಳನ್ನು ಒದಗಿಸುತ್ತದೆ. ಪೆಲ್ಲೇಡಿಯಂ ನೀರಿನಿಂದ ಹುಟ್ಟಿದ ಜಲಜನಕವನ್ನು ತನ್ನ ಮೈಯಲ್ಲಿ ಹಿಡಿದಿಟ್ಟು, ಕ್ಲೋರಿನ್ ಕಳಚಿದ ಜಾಗದಲ್ಲಿ ಕೂರಿಸುತ್ತದೆ. ಒಂದು ಲೋಹ ಉರುವಲು, ಇನ್ನೊಂದು ಒಲೆ ಎನ್ನಬಹುದು. ಉರುವಲು ತೀರುತ್ತದೆ, ಒಲೆ ಉಳಿಯುತ್ತದೆ. ತಾನು ತೀರದೆ ಕ್ರಿಯೆಯನ್ನು ಚುರುಕುಗೊಳಿಸುವ ಇಂಥ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಅಮೆರಿಕದ ಲೀಹೈ ವಿಶ್ವವಿದ್ಯಾನಿಲಯದ ವೈ-ಷಿಯಾನ್ ಝಾಂಗ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಈ ಜೋಡಿಯ ನ್ಯಾನೋಕಣಗಳ ವರದಿಯನ್ನು ಪ್ರಕಟಿಸಿದರು. ಮುಂದೆ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಅವರ ತಂಡ ಎರಡು ದಿನಗಳ ಅವಧಿಯಲ್ಲಿ ಕೇವಲ 1.7 ಕಿಲೋಗ್ರಾಂ ಕಣಗಳನ್ನು ಮಲಿನ ಅಂತರ್ಜಲಕ್ಕೆ ಇಳಿಸಿತು. ನಾಲ್ಕು ವಾರಗಳ ವೀಕ್ಷಣೆಯಲ್ಲಿ ಟ್ರೈಕ್ಲೋರೋಎಥಿಲೀನ್ ಗರಿಷ್ಠ ಶೇಕಡಾ 96ರವರೆಗೆ ಇಳಿಯಿತೆಂದು 2001ರ ವರದಿ ತಿಳಿಸುತ್ತದೆ. ಮೆಗ್ನೀಸಿಯಂ ಮತ್ತು ಪೆಲ್ಲೇಡಿಯಂ ಜೋಡಿಯಿಂದ ಎಂಡೋಸಲ್ಫಾನ್ ಹಾಗೂ ಲಿಂಡೇನ್‌ಗಳ ಕ್ಲೋರಿನ್ ಕಳಚಬಹುದೆಂಬುದನ್ನು ಭಾರತೀಯ ಸಂಶೋಧಕರೂ ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಆದುದರಿಂದ ಈ ವಿದ್ಯೆಯನ್ನು ಬರಿಯ ಗಾಳಿಮಾತೆಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಎಲೆಯ ಕಷಾಯ ಎಲ್ಲಿ ಬಂತು? ಲೋಹದ ಲವಣದಿಂದ ಲೋಹದ ಕಣವನ್ನು ಪಡೆಯಬೇಕಾದರೆ ಅದಕ್ಕೆ ಎಲೆಕ್ಟ್ರಾನುಗಳನ್ನು ಕೊಡಬೇಕು. ಈ ಕ್ರಿಯೆಗೆ ಅಪಕರ್ಷಣವೆಂದು ಹೆಸರು. ಸಾಮಾನ್ಯವಾಗಿ ಇದಕ್ಕೆ ಸೋಡಿಯಂ ಬೋರೋಹೈಡ್ರೈಡ್, ಹೈಡ್ರಜೀನ್ ಮೊದಲಾದ ಅಪಾಯಕಾರಿ ರಾಸಾಯನಿಕಗಳನ್ನು ಬಳಸುತ್ತಾರೆ. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗದಿರಲು ಬೇರೊಂದು ಲೇಪವೂ ಬೇಕು. ಎಲೆಯ ರಸದಲ್ಲಿರುವ ಪಾಲಿಫೀನಾಲುಗಳು, ಸಕ್ಕರೆಗಳು, ಪ್ರೋಟೀನುಗಳು ಈ ಎರಡೂ ಕೆಲಸಗಳನ್ನು ಒಟ್ಟಿಗೇ ಮಾಡಬಲ್ಲವು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಬೇವಿನ ಎಲೆಯ ಕಷಾಯಕ್ಕೆ ಚಿನ್ನ ಮತ್ತು ಬೆಳ್ಳಿಯ ಲವಣಗಳನ್ನು ಒಟ್ಟಿಗೆ ಬೆರೆಸಿದಾಗ ಒಳಗೆ ಚಿನ್ನ, ಹೊರಗೆ ಬೆಳ್ಳಿಯ ಕವಚವುಳ್ಳ ದ್ವಿಲೋಹ ಕಣಗಳು ಮೂಡಿದವು. ಚಿನ್ನದ ಅಯಾನು ಎಲೆಕ್ಟ್ರಾನನ್ನು ಬೆಳ್ಳಿಗಿಂತಲೂ ಬೇಗ ಬರಮಾಡಿಕೊಳ್ಳುವುದರಿಂದ ಅದು ಮೊದಲು ಗಟ್ಟಿಗೊಳ್ಳುತ್ತದೆ. ಬೆಳ್ಳಿ ಅದರ ಮೇಲೆ ಕೂರುತ್ತದೆ.

ಇನ್ನೊಂದು ನಿದರ್ಶನ ಅಡುಗೆಮನೆಗೆ ಹತ್ತಿರದ್ದು. ಅಮೆರಿಕದ ಆಬರ್ನ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 2005ರಲ್ಲಿ ಕಬ್ಬಿಣ–ಪೆಲ್ಲೇಡಿಯಂ ಕಣಗಳಿಗೆ ಪಿಷ್ಟದ ಲೇಪ ಕೊಟ್ಟರು. ಬಟ್ಟೆಗೆ ಗಂಜಿ ಹಾಕಿದಂತೆಯೇ ಇದು. ಗಂಜಿಯಿಲ್ಲದ ಕಣಗಳು ಗಂಟುಕಟ್ಟಿ ತಳ ಸೇರಿದರೆ, ಗಂಜಿ ಹೊದ್ದ ಕಣಗಳು ನೀರಿನಲ್ಲಿ ಹರಡಿಕೊಂಡು ನಿಂತವು. ಪಿಸಿಬಿ ಎಂಬ ಹಠಮಾರಿ ವಿಷಗಳನ್ನು ಗಂಜಿಯಿಲ್ಲದ ಕಣಗಳು ಒಡೆದದ್ದು ಶೇಕಡಾ 24ರಷ್ಟಾದರೆ, ಗಂಜಿ ಹೊದ್ದ ಕಣಗಳು ನೂರು ಗಂಟೆಗಳೊಳಗೆ ಶೇಕಡಾ 80ಕ್ಕೂ ಹೆಚ್ಚು ಒಡೆದವು. ದುಬಾರಿಯಾದ ಯಾವ ಸಾಮಗ್ರಿಯೂ ಇಲ್ಲದೆ ದೊರೆತ ಲಾಭವಿದು. ಆದರೆ ಈ ಪ್ರಯೋಗದಲ್ಲಿಯೂ ಕಬ್ಬಿಣವನ್ನು ಅಪಕರ್ಷಿಸಿದ್ದು ಪಿಷ್ಟವಲ್ಲ, ಬೋರೋಹೈಡ್ರೈಡ್ ಎಂಬುದನ್ನು ಮರೆಯಲಾಗದು. ಹಸಿರು ಇದ್ದದ್ದು ಲೇಪದಲ್ಲಿ ಮಾತ್ರ.

ಕಬ್ಬಿಣವನ್ನೂ ಎಲೆಯ ರಸದಿಂದಲೇ ಅಪಕರ್ಷಿಸಬಹುದೆಂಬ ಘೋಷಣೆ 2009ರಲ್ಲಿ ಕೇಳಿಬಂತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿ, ಭಾರತ ಮೂಲದ ರಾಜೇಂದರ್ ವರ್ಮಾ ಮತ್ತು ಸಂಗಡಿಗರು ಚಹಾದ ಪಾಲಿಫೀನಾಲುಗಳಿಂದ ಕಬ್ಬಿಣದ ನ್ಯಾನೋಕಣಗಳನ್ನು ತಯಾರಿಸಿದ್ದಾಗಿ, ಅವು ಒಂದು ಬಗೆಯ ಬಣ್ಣವನ್ನು ಒಡೆದದ್ದಾಗಿ ವರದಿ ಮಾಡಿದರು. ಇದಾದ ಮೇಲೆ ಲೋಕದ ಮೂಲೆಮೂಲೆಗಳಿಂದ ಒಂದೊಂದು ಎಲೆಯ ಹೆಸರಿನಲ್ಲಿ ಒಂದೊಂದು ಪ್ರಬಂಧ ಬರತೊಡಗಿತು. ಎಲೆಯ ಹೆಸರು ಬದಲಾದರೆ ಸಾಕು, ಸಂಶೋಧನೆ ಹೊಸದಾಯಿತೆಂಬಂತೆ.

ಈಗ ಮೆಟ್ಟುಗತ್ತಿಯ ಕಪ್ಪನ್ನು ನೆನಪಿಸಿಕೊಳ್ಳಬೇಕು. ಚಿನ್ನ, ಬೆಳ್ಳಿ, ಪೆಲ್ಲೇಡಿಯಂಗಳ ಅಯಾನುಗಳು ಎಲೆಕ್ಟ್ರಾನುಗಳನ್ನು ಸುಲಭವಾಗಿ ಸ್ವೀಕರಿಸುತ್ತವೆ, ಎಲೆಯ ರಸಕ್ಕೆ ಅಷ್ಟು ಶಕ್ತಿಯಿದೆ. ಕಬ್ಬಿಣ ಹಾಗಲ್ಲ. ಅದನ್ನು ಲೋಹವಾಗಿ ಮರಳಿಸಲು ಬಲವಾದ ಅಪಕರ್ಷಕವೇ ಬೇಕು. ಪಾಲಿಫೀನಾಲುಗಳಿಂದ ಅದು ಆಗುವುದು ಕಷ್ಟ. ಹಾಗಾದರೆ ಚಹಾದ ಕಷಾಯದಲ್ಲಿ ಕಬ್ಬಿಣದ ಲವಣ ಬಿದ್ದೊಡನೆ ಕಂಡ ಆ ಕಪ್ಪು ಯಾವುದು? 2014ರಲ್ಲಿ ಜೆಕ್ ಗಣರಾಜ್ಯದ ಸಂಶೋಧಕರು ಸೂಕ್ಷ್ಮವಾಗಿ ಪರಿಶೀಲಿಸಿದಾಗ, ಹಸಿರು ಚಹಾದಿಂದ ಹುಟ್ಟಿದ್ದು ಕಬ್ಬಿಣ ಮತ್ತು ಪಾಲಿಫೀನಾಲುಗಳ ಸಂಕೀರ್ಣದ ಕಣಗಳೆಂದು ತಿಳಿದುಬಂತು. ಅಂದರೆ ಹಿಂದಿನವರ ಅಳಲೆಕಾಯಿ ಮಸಿಯ ಸೋದರ ಸಂಬಂಧಿ. ಅಷ್ಟೇ ಅಲ್ಲ, ನೀರಿನಲ್ಲಿ ಬದುಕುವ ಜೀವಿಗಳಿಗೆ ಆ ಕಣಗಳಿಂದ ಗಮನಾರ್ಹ ಹಾನಿಯಾಗುವುದೂ ಕಂಡುಬಂತು. ಗಮನಿಸಬೇಕಾದ ಸಂಗತಿಯೆಂದರೆ ಚಹಾ ಪ್ರಯೋಗದ ವರ್ಮಾ ಅವರೇ ಈ ತಂಡದ ಸಹಲೇಖಕರೂ ಆಗಿದ್ದರು. ತನ್ನ ಮಾತನ್ನು ತಾನೇ ಒರೆಗೆ ಹಚ್ಚುವ ಈ ಗುಣ ವಿಜ್ಞಾನದ ಮರ್ಯಾದೆ. ಎಲೆಯಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆಗೆ ಮಾತ್ರ ಅಂದು ದೊಡ್ಡ ಪೆಟ್ಟು ಬಿತ್ತು. ಕಾಸರಕನ ಬೀಜವೂ ಕಾಡಿನದೇ ಎಂಬುದನ್ನು ಬಲ್ಲ ಮಲೆನಾಡಿಗರಿಗೆ ಇದು ಆಶ್ಚರ್ಯದ ಮಾತೇನಲ್ಲ.

ಪರೀಕ್ಷೆಯ ವಿಧಾನದಲ್ಲಿಯೂ ಎಚ್ಚರ ಬೇಕು. ಹೊಸ ಕಣವೊಂದು ಸಿದ್ಧವಾದೊಡನೆ ಅದನ್ನು ಒರೆಗೆ ಹಚ್ಚುವುದು ಸಾಮಾನ್ಯವಾಗಿ 4-ನೈಟ್ರೋಫೀನಾಲ್ ಎಂಬ ಹಳದಿ ದ್ರಾವಣದಿಂದ. ಬೋರೋಹೈಡ್ರೈಡನ್ನು ಧಾರಾಳವಾಗಿ ಸುರಿದು ಚಿಟಿಕೆಯಷ್ಟು ಕಣಗಳನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಹಳದಿ ಬಣ್ಣ ಮಾಯವಾಗುತ್ತದೆ. ಕಣ್ಣಿಗೆ ಕಾಣುವಂಥ ಈ ಪರೀಕ್ಷೆ ಕಣಗಳ ಚುರುಕನ್ನು ಹೋಲಿಸಲು ಉಪಯುಕ್ತ. ಆದರೆ ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಗಲಿಲ್ಲ. ನೈಟ್ರೋಫೀನಾಲ್ 4-ಅಮಿನೋಫೀನಾಲ್ ಆಗಿ ರೂಪಾಂತರ ಹೊಂದಿ ಅಲ್ಲಿಯೇ ಉಳಿಯುತ್ತದೆ. ಪ್ಯಾರಾಸಿಟಮಾಲ್ ತಯಾರಿಕೆಗೆ ಬಳಕೆಯಾಗುವ ಆ ವಸ್ತು ಕುಡಿಯುವ ನೀರಿನಲ್ಲಿ ಇರತಕ್ಕದ್ದಲ್ಲ. ಬೋರೋಹೈಡ್ರೈಡಿನಿಂದ ಹುಟ್ಟಿದ ಬೋರೇಟ್ ಕೂಡ ಅಲ್ಲಿಯೇ ಇರುತ್ತದೆ. ಬಟ್ಟೆಗೆ ಹಾಕುವ ಅಜೋ ಬಣ್ಣಗಳ ವಿಷಯವೂ ಹೀಗೆಯೇ. ಅಪಕರ್ಷಣದಿಂದ ಅವು ಒಡೆದಾಗ ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೀನುಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಅರ್ಬುದಕಾರಕವಾದ ಕಾರಣದಿಂದಲೇ 1994ರಲ್ಲಿ ಜರ್ಮನಿ ಅಂಥ ಬಣ್ಣಗಳನ್ನು ನಿಷೇಧಿಸಿತು. ಕಪ್ಪಗೆ ಹರಿಯುವ ಹೊಳೆಯನ್ನು ಕಂಡು ಜನ ಎಚ್ಚರಗೊಳ್ಳುತ್ತಾರೆ. ತಿಳಿಯಾಗಿ ಹರಿಯುವ ವಿಷವನ್ನು ಯಾರೂ ಗುರುತಿಸರು. ಬಣ್ಣವನ್ನಷ್ಟೇ ಕಳೆಯುವ ಶುದ್ಧೀಕರಣ ಈ ದೃಷ್ಟಿಯಿಂದ ಮಾಲಿನ್ಯಕ್ಕಿಂತಲೂ ಮೋಸದ್ದು.

ಲೋಹ ಎಲ್ಲಿಂದ ಬರುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಪೆಲ್ಲೇಡಿಯಂ ಬಹುಪಾಲು ದೊರೆಯುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದ ಗಣಿಗಳಿಂದ. ರಷ್ಯಾದ ಗಣಿಗಾರಿಕೆಯ ಕೇಂದ್ರವಾದ ನೊರಿಲ್‌ಸ್ಕ್ ನಗರದ ಬಳಿ 2020ರಲ್ಲಿ ತೊಟ್ಟಿ ಒಡೆದು ಸುಮಾರು 20,000 ಟನ್ ಡೀಸೆಲ್ ಹೊಳೆಗೂ ನೆಲಕ್ಕೂ ಹರಿಯಿತು. ಇಲ್ಲಿನ ಬಾವಿಯನ್ನು ತೊಳೆಯಲು ಅಲ್ಲಿನ ಹೊಳೆ ಕೆಡಬೇಕಾದರೆ ಲೆಕ್ಕ ಸರಿಹೋಗದು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಯ ಒಡಲಿಗೆ ಸೇರಿದ ಕೆಂಪು ಕೆಸರನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಕ್ರಿಯಾವರ್ಧಕ ಎಷ್ಟು ಸಲ ಮರುಬಳಕೆಯಾಗುತ್ತದೆ, ಕೊನೆಗೆ ಅದರ ಲೋಹವನ್ನು ಮರಳಿ ಪಡೆಯುತ್ತಾರೆಯೇ ಎಂಬುದು ಅದರ ಚುರುಕಿನಷ್ಟೇ ಮುಖ್ಯ.

ಎಲೆಯ ಮೂಲವನ್ನೂ ವಿಚಾರಿಸಬೇಕು. 1990ರ ದಶಕದಲ್ಲಿ ಉಪ್ಪಾಗೆಗೆ ರಫ್ತಿನ ಬೇಡಿಕೆ ಬಂದಾಗ ಬಲಿಯದ ಕಾಯಿಗಳಿಗಾಗಿ ಕೊಂಬೆಗಳನ್ನೇ ಕಡಿದುರುಳಿಸಿದ್ದನ್ನು ಪಶ್ಚಿಮಘಟ್ಟ ಮರೆತಿಲ್ಲ. ನಾಳೆ ಯಾವುದೋ ಮರದ ತೊಗಟೆ ಒಳ್ಳೆಯ ಅಪಕರ್ಷಕವೆಂದು ಪ್ರಸಿದ್ಧವಾದರೆ ಆ ಮರದ ಗತಿಯೂ ಅದೇ ಆದೀತು. ಕಾಫಿ ಹಣ್ಣಿನ ಸಿಪ್ಪೆ, ಅಡಿಕೆಯ ಚೊಗರು, ಬಳಸಿ ಬಿಟ್ಟ ಚಹಾಪುಡಿ ಇವೆಲ್ಲ ಪಾಲಿಫೀನಾಲುಗಳಿಂದ ತುಂಬಿವೆ. ಕಾಫಿ ಪಲ್ಪಿಂಗ್‌ನ ನೀರು ತಾನೇ ಹಳ್ಳಗಳಿಗೆ ಹೊರೆಯಾಗಿರುವಾಗ ಅದರ ಸಿಪ್ಪೆ ಬಳಕೆಗೆ ಬಂದರೆ ಅದು ಸ್ವಾಗತಾರ್ಹ. ಕಾಡಿಗೆ ಕೈಹಾಕುವ ಹಸಿರು ಮಾತ್ರ ಬೇಡ. ಇದಲ್ಲದೆ ಎಲೆಯ ರಸದ ಗುಣ ಋತುವಿನಿಂದ ಋತುವಿಗೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಮಳೆಗಾಲದ ಎಲೆಯಿಂದ ಬಂದ ಕಣ ಬೇಸಿಗೆಯ ಎಲೆಯಿಂದಲೂ ಹಾಗೆಯೇ ಬರುವುದೆಂಬ ಭರವಸೆಯಿಲ್ಲ.

ಇನ್ನು ಮಿಂಚಿನಪದವಿಗೆ ಮರಳಬಹುದು. ಅಂಥ ಬಾವಿಯೊಳಗೆ ನ್ಯಾನೋಕಣಗಳನ್ನು ಸುರಿದುಬಿಟ್ಟರೆ ಆಗದೇ? ಆಗದು. ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ 2004ರ ತಮ್ಮ ವರದಿಯಲ್ಲಿ, ಸಾಕಷ್ಟು ಸಂಶೋಧನೆ ನಡೆದು ಲಾಭವು ಅಪಾಯವನ್ನು ಮೀರುವುದೆಂದು ಸಿದ್ಧವಾಗುವವರೆಗೆ ಬಿಡಿ ನ್ಯಾನೋಕಣಗಳನ್ನು ಪರಿಸರ ಶುದ್ಧೀಕರಣಕ್ಕೆ ಬಿಡಕೂಡದೆಂದು ಶಿಫಾರಸು ಮಾಡಿದ್ದವು. ತೂತುತೂತಾದ ಮುರಕಲ್ಲಿನ ಗುಡ್ಡದಲ್ಲಿ ಆ ಎಚ್ಚರಿಕೆ ಇಮ್ಮಡಿ ಸಲ್ಲುತ್ತದೆ. ವಿಷದ ಜೊತೆಗೆ ಕಣಗಳೂ ಸುರಂಗದ ನೀರಿನಲ್ಲಿ ಬರಬಹುದು. ಅರ್ಧ ಒಡೆದ ವಿಷ ಯಾವ ರೂಪದಲ್ಲಿ ಬರುವುದೋ ಅದು ಬೇರೆ ಮಾತು. ಎಂಡೋಸಲ್ಫಾನ್ ಮಣ್ಣಿಗೆ ಬಲವಾಗಿ ಅಂಟಿಕೊಳ್ಳುವ ವಸ್ತುವಾದ್ದರಿಂದ ಬಾವಿಗೆ ಸುರಿದ ಕಣ ಅದನ್ನು ಮುಟ್ಟುವುದೂ ಅನುಮಾನ. ಅಂಥಲ್ಲಿ ಮಾಡಬೇಕಾದ ಕೆಲಸದ ಕ್ರಮ ಬೇರೆ. ಮೊದಲು ಸುತ್ತಲಿನ ಬಾವಿ, ಸುರಂಗ, ತೋಡುಗಳ ನೀರನ್ನೂ ಮಣ್ಣನ್ನೂ ಮಳೆಗಾಲ ಬೇಸಿಗೆಗಳೆರಡರಲ್ಲಿಯೂ ಪರೀಕ್ಷಿಸಬೇಕು. ಹೂತ ವಿಷ ಇರುವುದು ನಿಜವಾದರೆ ಅದನ್ನು ತಜ್ಞರ ಮೇಲ್ವಿಚಾರಣೆಯಲ್ಲಿ ಹೊರತೆಗೆದು ಸುರಕ್ಷಿತವಾಗಿ ಸಾಗಿಸಬೇಕು. ಆಮೇಲೆ ಉಳಿಯುವ ಮಲಿನ ನೀರನ್ನು ಮೇಲೆತ್ತಿ, ಮುಚ್ಚಿದ ತೊಟ್ಟಿಯೊಳಗೆ, ಗಟ್ಟಿಯಾದ ಆಧಾರಕ್ಕೆ ಅಂಟಿಸಿದ ಕ್ರಿಯಾವರ್ಧಕದ ಮೂಲಕ ಹಾಯಿಸುವುದಾದರೆ ದ್ವಿಲೋಹ ವಿದ್ಯೆಗೆ ಅಲ್ಲಿ ನ್ಯಾಯವಾದ ಸ್ಥಾನವಿದೆ. ನೀರು ಕಣವಿದ್ದಲ್ಲಿಗೆ ಹೋಗಬೇಕೇ ಹೊರತು ಕಣ ನೀರಿದ್ದಲ್ಲಿಗೆ ಹೋಗಬಾರದು.

ಮನೆಮಟ್ಟದ ಶೋಧನೆಯಲ್ಲಿ ಇಂಥ ಕಟ್ಟುಪಾಡಿನ ಬಳಕೆಗೆ ದೇಶದಲ್ಲಿಯೇ ಮಾದರಿಯಿದೆ. ಮದ್ರಾಸಿನ ಐಐಟಿಯ ಟಿ. ಪ್ರದೀಪ್ ಮತ್ತು ಸಂಗಡಿಗರು 2003ರಲ್ಲಿಯೇ ಚಿನ್ನದ ನ್ಯಾನೋಕಣಗಳಿಂದ ಎಂಡೋಸಲ್ಫಾನನ್ನು ಪತ್ತೆ ಹಚ್ಚುವ, ನೀರಿನಿಂದ ಬೇರ್ಪಡಿಸುವ ದಾರಿಯನ್ನು ತೋರಿದರು. ಅವರ ಕಣಗಳ ವಿದ್ಯೆ ಮುಂದೆ ಮನೆಬಳಕೆಯ ಶೋಧಕಗಳಿಗೂ ಬಂತು. ಅಲ್ಲಿ ಕಣಗಳು ಆಧಾರವೊಂದಕ್ಕೆ ಅಂಟಿಕೊಂಡಿರುತ್ತವೆ.

ಯಾವುದೇ ಸಂಸ್ಥೆ ಹಸಿರು ಕಣಗಳ ಹೆಸರಿನಲ್ಲಿ ಊರಿಗೆ ಬಂದಾಗ ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳು ಈಗ ಸ್ಪಷ್ಟವಾಗಿವೆ. ಕಷಾಯದಿಂದ ಹುಟ್ಟಿದ್ದು ಲೋಹವೋ, ಮಸಿಯೋ? ಪರೀಕ್ಷೆ ನಡೆದದ್ದು ಭಟ್ಟಿಯಿಳಿಸಿದ ನೀರಿನಲ್ಲಿಯೋ, ಊರಿನ ಹಳ್ಳದ ನೀರಿನಲ್ಲಿಯೋ? ವಿಷ ಒಡೆದು ಏನಾಯಿತು, ಆ ಏನಾದರೂ ಇನ್ನೊಂದು ವಿಷವೇ? ಕಣಗಳನ್ನು ಪೂರ್ತಿಯಾಗಿ ಹಿಂಪಡೆಯುವ ವ್ಯವಸ್ಥೆ ಇದೆಯೇ? ಎಲೆಯೂ ಲೋಹವೂ ಎಲ್ಲಿಂದ ಬರುತ್ತವೆ? ಉತ್ತರಗಳನ್ನು ಬರವಣಿಗೆಯಲ್ಲಿ, ಕನ್ನಡದಲ್ಲಿ ಕೇಳಬೇಕು.

ಇವೆಲ್ಲಕ್ಕೂ ಮಿಗಿಲಾದ ಪ್ರಶ್ನೆ ಇನ್ನೊಂದಿದೆ. ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನದ ಹನ್ನೆರಡು ಸೂತ್ರಗಳನ್ನು ನಿರೂಪಿಸಿದರು. ಕ್ರಿಯಾವರ್ಧಕಗಳ ಬಳಕೆ ಆ ಪಟ್ಟಿಯಲ್ಲಿ ಒಂಬತ್ತನೆಯದು. ಸಸ್ಯದಂಥ ನವೀಕರಿಸಬಲ್ಲ ಮೂಲಗಳ ಬಳಕೆ ಏಳನೆಯದು. ಮೊದಲನೆಯ ಸೂತ್ರವಾದರೋ ತ್ಯಾಜ್ಯವನ್ನು ಆಮೇಲೆ ಶುಚಿಗೊಳಿಸುವುದಕ್ಕಿಂತ ಅದು ಹುಟ್ಟದಂತೆ ತಡೆಯುವುದೇ ಲೇಸೆನ್ನುತ್ತದೆ. ಏಳನೆಯ ಮತ್ತು ಒಂಬತ್ತನೆಯ ಸೂತ್ರಗಳನ್ನು ಹಿಡಿದು ಮೊದಲನೆಯದನ್ನು ಮರೆತರೆ, ಶುದ್ಧೀಕರಣದ ವಿದ್ಯೆ ಮಲಿನಗೊಳಿಸುವವರ ಪಾಲಿಗೆ ರಹದಾರಿಯಾಗುತ್ತದೆ. ತೊಳೆಯಲು ಕಣಗಳಿವೆಯಲ್ಲ, ಇನ್ನಷ್ಟು ಸುರಿದರೆ ತಪ್ಪೇನು ಎಂಬ ಮಾತು ಹುಟ್ಟಲು ಹೆಚ್ಚು ಕಾಲ ಬೇಕಾಗದು.

ಹೆಲಿಕಾಪ್ಟರು ಗೇರುತೋಟಗಳ ಮೇಲೆ ಹಾರುತ್ತಿದ್ದ ಕಾಲದಲ್ಲಿ ಅದನ್ನು ತಡೆಯಲು ಯಾವ ನ್ಯಾನೋಕಣವೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಬಾವಿಯನ್ನು ಮುಚ್ಚಿಡಿರೆಂದು ಜನರಿಗೆ ಹೇಳುವುದರ ಬದಲು ಸಿಂಪಡಣೆಯನ್ನು ನಿಲ್ಲಿಸುವ ವಿವೇಕ. ಆ ವಿವೇಕ ಬರಲು ಎರಡು ದಶಕಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಿತು. ಈಗಾಗಲೇ ಕೆಟ್ಟಿರುವ ನೀರಿಗೆ ವಿಜ್ಞಾನದ ನೆರವು ಬೇಕೇ ಬೇಕು, ಪ್ರಾಮಾಣಿಕ ಸಂಶೋಧಕರಿಗೆ ಬೆಟ್ಟದ ಊರುಗಳ ಬಾಗಿಲು ತೆರೆದಿರಲಿ. ಕೆಡದೆ ಉಳಿದಿರುವ ಸುರಂಗ, ಕೆರೆ, ಹಳ್ಳಗಳ ವಿಷಯದಲ್ಲಿ ಮಾತ್ರ ಕಾವಲೇ ಮದ್ದು. ಆ ಕಾವಲಿಗೆ ಬೇಕಾಗಿರುವುದು ಊರಿನ ಕಣ್ಣು, ಊರಿನ ಬಾಯಿ, ಊರಿನ ಒಗ್ಗಟ್ಟು.